ತಡವಾಗಿ ಬಂದದ್ದು ಪ್ರಶಸ್ತಿ, ಸುಬ್ಬಣ್ಣ ಅಲ್ಲ

ಶಿವಮೊಗ್ಗ ಸುಬ್ಬಣ್ಣ ಎಂದೊಡನೆ ಹೇಳುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ಕಥೆ ಇದೆ. 1938ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯ ಕಾನೂನು ಓದಿ ವಕೀಲರಾದರು, ಹಾಡು ಹವ್ಯಾಸವಾಗಿ ಉಳಿದಿತ್ತು. ನಲವತ್ತರ ಹೊತ್ತಿಗೆ ಚಂದ್ರಶೇಖರ ಕಂಬಾರರು ತಮ್ಮ ‘ಕಾಡುಕುದುರೆ’ ಸಿನಿಮಾಕ್ಕೆ ಕರೆದು ಒಂದು ಹಾಡು ಹಾಡಿಸಿದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಎಂಬ ಹೆಸರೂ ಬಂತು. ಆಮೇಲೆ ಚಿತ್ರರಂಗ ಅವರನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ. 2022ರ ಆಗಸ್ಟ್ 11ರಂದು ಅವರು ತೀರಿಕೊಂಡಾಗಲೂ ನಾವು ಹೇಳಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ.

ಇಸವಿಗಳೆಲ್ಲ ಸರಿಯಾಗಿವೆ, ಕಥೆ ಮಾತ್ರ ತಪ್ಪು. ತಡವಾದರೂ ಯಶಸ್ಸು ಬಂತಲ್ಲ ಎಂಬ ಸಮಾಧಾನ, ಬಂದದ್ದು ನಿಲ್ಲಲಿಲ್ಲವಲ್ಲ ಎಂಬ ಮರುಕ, ಇವೆರಡೂ ಆ ಮನುಷ್ಯನ ಬದುಕಿನಿಂದ ಹುಟ್ಟಿದ ಭಾವನೆಗಳಲ್ಲ. ಗಾಯಕನೊಬ್ಬ ಸಿನಿಮಾಕ್ಕೆ ಹಾಡಿದ ದಿನ ಹುಟ್ಟುತ್ತಾನೆ, ಸಿನಿಮಾ ಬಿಟ್ಟ ದಿನ ಸಾಯುತ್ತಾನೆ ಎಂದು ನಾವೇ ಮೊದಲು ನಂಬಿಕೊಂಡಿರುವುದರಿಂದ ಹುಟ್ಟಿದವು.

ಸುಬ್ಬಣ್ಣ ಅರವತ್ತರ ದಶಕದ ಆರಂಭದಿಂದಲೇ ಆಕಾಶವಾಣಿಯ ಕಲಾವಿದರು. ಪ್ರಶಸ್ತಿ ಬಂದದ್ದು 1978ರ ಸಿನಿಮಾಗಳ ಲೆಕ್ಕದಲ್ಲಿ. ನಡುವಿನದು ಹದಿನೈದು ವರ್ಷದ ಆಸುಪಾಸು. ಆ ಹದಿನೈದು ವರ್ಷವನ್ನು ಕಥೆ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ. ಆಕಾಶವಾಣಿಯ ಕಲಾವಿದರಾಗುವುದು ಎಂದರೆ ಏನು ಎಂಬುದು ಇವತ್ತಿನ ಓದುಗರಿಗೆ ಅಂದಾಜಿಗೆ ಸಿಗಲಿಕ್ಕಿಲ್ಲ. ಮೊದಲು ಧ್ವನಿ ಪರೀಕ್ಷೆ. ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತು ಹಾಡಬೇಕು. ಕೇಳಿ ತೀರ್ಪು ಕೊಡುವವರಿಗೆ ಹಾಡುವವರ ಹೆಸರು ತಿಳಿಯಬಾರದು, ಮುಖ ಕಾಣಬಾರದು ಎಂಬುದು ಐವತ್ತರ ದಶಕದಿಂದ ಬಂದ ಕಟ್ಟು. ಯಾರ ಮಗ, ಯಾವ ಊರು, ಯಾರ ಶಿಷ್ಯ ಎಂಬ ಯಾವುದೂ ಅಲ್ಲಿ ನಡೆಯುವುದಿಲ್ಲ. ಪಾಸಾದರೆ ಗ್ರೇಡು. ‘ಬಿ’ ಗ್ರೇಡಿನಿಂದ ‘ಬಿ ಹೈ’, ಅಲ್ಲಿಂದ ‘ಎ’. ಒಂದೊಂದು ಮೆಟ್ಟಿಲಿಗೂ ಮತ್ತೆ ಪರೀಕ್ಷೆ. ಗುತ್ತಿಗೆಯ ಕಾಗದ ಬಂದಾಗ ಹೋಗಿ ಹಾಡಿ ಬರಬೇಕು. ಕೊಟ್ಟ ಅವಧಿಯೊಳಗೆ ಹಾಡು ಮುಗಿಯಬೇಕು, ಅಕ್ಷರ ನುಂಗಬಾರದು, ಮೈಕಿಗೆ ಎಷ್ಟು ಹತ್ತಿರ ಎಷ್ಟು ದೂರ ಎಂಬುದು ಉಸಿರಿಗೇ ತಿಳಿದಿರಬೇಕು. ಇಂಥ ಕಡೆ ವರ್ಷಗಟ್ಟಲೆ ಹಾಡಿದವರನ್ನು ಕಂಬಾರರ ಕಣ್ಣಿಗೆ ಬಿದ್ದ ಅದೃಷ್ಟವಂತ ಎಂದು ಕರೆಯುವುದು ಅವರ ದುಡಿಮೆಯನ್ನು ಅಳಿಸಿದಂತೆಯೇ.

ವಕೀಲಿಯ ಮಾತೂ ಹಾಗೆಯೇ. ಕರಿಕೋಟು ಅವರನ್ನು ಹಾಡಿನಿಂದ ದೂರ ಇಟ್ಟಿತು ಎಂಬ ಧ್ವನಿ ಆ ಕಥೆಯಲ್ಲಿದೆ. ಕನ್ನಡದ ಸುಗಮ ಸಂಗೀತದ ಚರಿತ್ರೆ ಗೊತ್ತಿರುವ ಯಾರೂ ಹಾಗೆ ಹೇಳಲಾರರು. ಸಿ. ಅಶ್ವತ್ಥ್ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ನೌಕರಿ ಮಾಡಿದವರು. ಸುಗಮ ಸಂಗೀತದವರೆಲ್ಲ ಹಾಡಿದ ‘ನಿತ್ಯೋತ್ಸವ’ದ ಕವಿ ಕೆ. ಎಸ್. ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳುತ್ತಿದ್ದರು. ಪೂರ್ತಿ ಸಂಗೀತವನ್ನೇ ನಂಬಿ ನಿಂತ ಪಿ. ಕಾಳಿಂಗರಾಯರಂಥವರು ವಿರಳ, ಅವರ ಕೊನೆಗಾಲದ ಕಷ್ಟವೂ ಎಲ್ಲರಿಗೆ ಗೊತ್ತಿದ್ದದ್ದೇ. ಭಾವಗೀತೆ ಎಂಬ ಕಲೆ ಬೆಳೆದದ್ದೇ ಬೆಳಿಗ್ಗೆ ಆಫೀಸಿಗೆ, ಕೋರ್ಟಿಗೆ, ಕಾಲೇಜಿಗೆ ಹೋಗಿ ಸಂಜೆ ಹಾರ್ಮೋನಿಯಂ ತೆಗೆದವರಿಂದ. ಅವರ ಸಂಬಳವೇ ಅವರ ಸ್ವಾತಂತ್ರ್ಯವಾಗಿತ್ತು. ಯಾವ ಕವಿತೆ ಹಾಡಬೇಕು, ಯಾವುದು ಬೇಡ ಎಂದು ಆರಿಸಿಕೊಳ್ಳುವ ಧೈರ್ಯ ಆ ಸಂಬಳದಿಂದ ಬರುತ್ತಿತ್ತು. ಸುಬ್ಬಣ್ಣ ವಕೀಲರಾಗಿದ್ದೂ ಹಾಡಿದರು ಎಂದು ಅಚ್ಚರಿಪಡುವುದಕ್ಕಿಂತ, ವಕೀಲರಾಗಿದ್ದರಿಂದ ತಮಗೆ ಒಗ್ಗಿದ್ದನ್ನೇ ಹಾಡಲು ಸಾಧ್ಯವಾಯಿತು ಎಂಬುದು ಸತ್ಯಕ್ಕೆ ಹತ್ತಿರ.

ಈಗ ಆ ಹಾಡಿಗೆ ಬರೋಣ. ‘ಕಾಡುಕುದುರೆ’ಯ ವಿಷಯದಲ್ಲಿ ಇನ್ನೂ ಒಂದು ನಂಬಿಕೆ ಬೇರೂರಿದೆ: ಅದು ಮಣ್ಣಿನ ದನಿ, ಹಳ್ಳಿಯ ಗಂಟಲು, ಕಲಿಯದೇ ಬಂದ ಜಾನಪದ ಎಂಬುದು. ಎಷ್ಟೋ ಜನ ಸುಬ್ಬಣ್ಣನವರನ್ನು ಜನಪದ ಗಾಯಕರೆಂದೇ ತಿಳಿದಿದ್ದಾರೆ. ಈ ನಂಬಿಕೆ ಮೊದಲಿನದಕ್ಕಿಂತ ಹೆಚ್ಚು ಕೆಡುಕು ಮಾಡಿದೆ ಎಂದು ನನಗನ್ನಿಸುತ್ತದೆ, ಯಾಕೆಂದರೆ ಮೇಲ್ನೋಟಕ್ಕೆ ಇದು ಹೊಗಳಿಕೆ.

ಕಂಬಾರರ ಊರು ಬೆಳಗಾವಿ ಜಿಲ್ಲೆಯ ಘೋಡಗೇರಿ. ಅವರ ಹಾಡಿನ ಮಾತು, ಲಯ, ಕ್ರಿಯಾಪದದ ಕೊನೆ ಎಲ್ಲವೂ ಆ ನೆಲದ್ದು. ಡಪ್ಪಿನಾಟ, ಬಯಲಾಟ, ಲಾವಣಿ ಕೇಳಿ ಬೆಳೆದ ಕಿವಿಯಿಂದ ಬಂದದ್ದು. ಸುಬ್ಬಣ್ಣನವರದು ಕೆಳದಿ ಅರಸರು ಆಳಿದ ನಗರ ಸೀಮೆ, ಮಳೆಯ ಊರು. ಅಲ್ಲಿಯ ಮನೆಮಾತಿಗೂ ಘೋಡಗೇರಿಯ ಮಾತಿಗೂ ಇರುವ ದೂರ ಕಡಿಮೆಯದಲ್ಲ. ಚಿಕ್ಕಂದಿನಿಂದ ಕೇಳಿ ಅಭ್ಯಾಸ ಮಾಡಿದ್ದು ಶಾಸ್ತ್ರೀಯ ಸಂಗೀತ. ಅಂದರೆ ಆ ಹಾಡಿನ ಒಂದು ಪದವೂ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಮಲೆನಾಡಿನ ವಕೀಲರೊಬ್ಬರು ಬಯಲುಸೀಮೆಯ ಹಾಡನ್ನು, ಅಲ್ಲಿಯವರೇ ಹಾಡಿದರೆಂದು ಅಲ್ಲಿಯವರೂ ನಂಬುವ ಹಾಗೆ ಹಾಡಿದರು. ಇದನ್ನು ಸಹಜ ಎಂದು ಕರೆದರೆ ಕಲಿಕೆಗೆ ಬೆಲೆ ಎಲ್ಲಿ?

ಇನ್ನೊಮ್ಮೆ ಕಿವಿಗೊಟ್ಟು ಕೇಳಿ. ಧ್ವನಿ ಎದೆಯಿಂದ ಎದ್ದು ಬಾಯಿ ಪೂರ್ತಿ ತೆರೆದು ಹೊರಬರುತ್ತದೆ. ಭಾವಗೀತೆ ಹಾಡುವಾಗಿನ ಮೆದುತನವನ್ನು ಪಕ್ಕಕ್ಕಿಟ್ಟಿದ್ದಾರೆ. ಸಾಲಿನ ತುದಿಯ ದೀರ್ಘವನ್ನು ಎಳೆಯುವಾಗ ಅದನ್ನು ಆಲಾಪದ ಹಾಗೆ ಅಲುಗಿಸುವುದಿಲ್ಲ. ನೇರವಾಗಿ ಚಾಚಿ ತಟ್ಟನೆ ಬಿಡುತ್ತಾರೆ. ಶಾಸ್ತ್ರೀಯ ಅಭ್ಯಾಸ ಇದ್ದ ಗಂಟಲಿಗೆ ಗಮಕ ಹಾಕದೇ ಇರುವುದೇ ಕಷ್ಟ, ಸ್ವರ ತಾನಾಗಿಯೇ ಬಳುಕಿಬಿಡುತ್ತದೆ. ಆ ಬಳುಕನ್ನು ತಡೆದು, ಶ್ರುತಿಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಹಾಡಿನೊಳಗಿನ ಓಟ ತಾಳದಿಂದಷ್ಟೇ ಬಂದದ್ದಲ್ಲ, ಅಕ್ಷರಗಳನ್ನು ಅವರು ಒತ್ತುವ ರೀತಿಯಿಂದಲೂ ಬಂದದ್ದು. ಹ್ರಸ್ವಾಕ್ಷರಗಳು ಬಡಬಡನೆ ಸಾಗುತ್ತವೆ, ಒತ್ತಕ್ಷರದ ಮೇಲೆ ಭಾರ ಬೀಳುತ್ತದೆ, ಆಮೇಲೆ ಆ ಉದ್ದದ ಸ್ವರ. ಇಷ್ಟನ್ನು ಮಾಡಲು ಕವಿತೆಯನ್ನು ಓದುವ ಶಕ್ತಿ ಬೇಕು. ಕುವೆಂಪು, ಬೇಂದ್ರೆ, ಶಿವರುದ್ರಪ್ಪ ಇವರ ಪದ್ಯಗಳನ್ನು ಹಾಡುವವರಿಗೆ ಆ ಶಕ್ತಿ ದಿನದಿನದ ಕೆಲಸದಲ್ಲಿ ಬೆಳೆದಿರುತ್ತದೆ. ಪ್ರಶಸ್ತಿ ಸಂದದ್ದು ಆ ಅಭ್ಯಾಸಕ್ಕೆ.

ಕಂಬಾರರೇ ಕಥೆ, ಹಾಡು, ಸಂಗೀತ, ನಿರ್ದೇಶನ ಎಲ್ಲ ಮಾಡಿದ್ದರಲ್ಲ, ಹಾಡಿದವರದೇನು ದೊಡ್ಡದು ಎನ್ನುವವರೂ ಇದ್ದಾರೆ. ಸ್ವತಃ ಬರೆದು, ರಾಗ ಕಟ್ಟಿ, ಹಾಡುವವರ ದೊಡ್ಡ ಪರಂಪರೆ ನಮ್ಮದು. ಹರಿದಾಸರು ಇದ್ದರು, ಶಿಶುನಾಳ ಶರೀಫರು ಇದ್ದರು. ಹೊಸಗನ್ನಡದ ಭಾವಗೀತೆ ಈ ಮೂರು ಕೆಲಸಗಳನ್ನು ಮೂವರಿಗೆ ಹಂಚಿತು. ಕವಿಗೆ ಸಾಹಿತ್ಯ ಚರಿತ್ರೆಯಲ್ಲಿ ಜಾಗ ಸಿಕ್ಕಿತು. ರಾಗ ಸಂಯೋಜಕರಿಗೆ ಸಂಗೀತ ನಿರ್ದೇಶಕ ಎಂಬ ಗೌರವ ಸಿಕ್ಕಿತು. ಬರೀ ಹಾಡಿದವರಿಗೆ ಏನು ಸಿಕ್ಕಿತು? ಪ್ರಶಸ್ತಿ ಬಂದರೆ ಒಂದು ಸುದ್ದಿ. ಕಂಬಾರರೇ ಹಾಡಬಲ್ಲವರು, ಸೊಗಸಾಗಿ ಹಾಡುತ್ತಾರೆ. ಆದರೂ ಆ ಹಾಡಿಗೆ ಇನ್ನೊಬ್ಬರ ಗಂಟಲನ್ನು ಅವರು ಬಯಸಿದರು ಎಂಬುದಕ್ಕೆ ಅರ್ಥವಿದೆಯಲ್ಲವೇ?

ಚಿತ್ರರಂಗ ಅನ್ಯಾಯ ಮಾಡಿತು ಎಂಬ ದೂರಿನಲ್ಲಿ ಒಂದು ಪಾಲು ನಿಜವಿದೆ ಎಂದು ಒಪ್ಪುತ್ತೇನೆ. ಅಂಥ ಧ್ವನಿಗೆ ಇನ್ನಷ್ಟು ಹಾಡು ಸಿಗಬೇಕಿತ್ತು. ಆದರೆ ಎಪ್ಪತ್ತರ ಕೊನೆಯ ಕನ್ನಡ ಸಿನಿಮಾ ಹೇಗಿತ್ತು ಎಂದು ನೋಡಿದರೆ ದೂರಿನ ಕಾವು ಇಳಿಯುತ್ತದೆ. ಹಿನ್ನೆಲೆ ಗಾಯನವೆಂದರೆ ತೆರೆಯ ಮೇಲಿನ ನಟನಿಗೆ ಗಂಟಲಾಗುವ ಕೆಲಸ. ಪಿ. ಬಿ. ಶ್ರೀನಿವಾಸ್ ಎಂದರೆ ರಾಜಕುಮಾರ್ ಎಂದು ಜನ ನಂಬಿದ್ದ ಕಾಲ ಮುಗಿದು, ರಾಜಕುಮಾರ್ ತಾವೇ ಹಾಡತೊಡಗಿದ್ದರು. ಉಳಿದ ನಾಯಕರಿಗೆಲ್ಲ ಹೊಂದುವ ಗಂಟಲಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಗಟ್ಟಿಯಾಗುತ್ತಿದ್ದರು. ಹೊಸ ಅಲೆಯ ಸಿನಿಮಾಗಳಲ್ಲಿ ಹಾಡಿಗೆ ಇದ್ದ ಜಾಗವೇ ಕಡಿಮೆ. ಸುಬ್ಬಣ್ಣನವರ ಧ್ವನಿ ಯಾವ ನಟನೊಳಗೂ ಅಡಗುವಂಥದ್ದಾಗಿರಲಿಲ್ಲ. ಕೇಳಿದ ಕ್ಷಣಕ್ಕೆ ಇದು ಸುಬ್ಬಣ್ಣ ಎಂದು ಗುರುತು ಹತ್ತುತ್ತಿತ್ತು. ಸಿನಿಮಾದ ಲೆಕ್ಕದಲ್ಲಿ ಅದು ಅಡ್ಡಿ, ವೇದಿಕೆಯ ಲೆಕ್ಕದಲ್ಲಿ ಅದೇ ಬಂಡವಾಳ. ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದ ಸಾಲಿನಲ್ಲೇ ಗಾಯಕಿಯರ ಪ್ರಶಸ್ತಿ ಪಡೆದವರು ‘ಗಮನ್’ ಎಂಬ ಹಿಂದಿ ಸಿನಿಮಾಕ್ಕೆ ಹಾಡಿದ ಛಾಯಾ ಗಂಗೂಲಿ. ಅವರೂ ಚಿತ್ರರಂಗದ ನಿತ್ಯದ ಗಾಯಕಿ ಅಲ್ಲ. ಆ ವರ್ಷದ ಆಯ್ಕೆಯೇ ಹಾಗಿತ್ತು, ಮಾರುಕಟ್ಟೆಯ ಹೊರಗಿನ ಎರಡು ದನಿಗಳನ್ನು ಹುಡುಕಿ ತೆಗೆದಿತ್ತು.

ತಡವಾದ ಯಶಸ್ಸು ಎಂಬ ಮಾತನ್ನು ನಾವು ಎಲ್ಲರ ಮೇಲೂ ಒಂದೇ ಥರ ಹೇರುವುದಿಲ್ಲ ಎಂಬುದನ್ನು ಗಮನಿಸಬೇಕು. ರಾಜಕುಮಾರ್ ಪೂರ್ಣ ಪ್ರಮಾಣದ ಹಿನ್ನೆಲೆ ಗಾಯಕರಾದದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ಆಗ ಅವರಿಗೆ ನಲವತ್ತೈದು. ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ‘ಜೀವನ ಚೈತ್ರ’ಕ್ಕೆ, ಅರವತ್ತು ದಾಟಿದ ಮೇಲೆ. ಅವರನ್ನು ತಡವಾಗಿ ಗೆದ್ದ ಗಾಯಕ ಎಂದು ಯಾರಾದರೂ ಕರೆದದ್ದುಂಟೇ? ಇಲ್ಲ. ಯಾಕೆಂದರೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಅವರು ಹಾಡುತ್ತಲೇ ಬೆಳೆದದ್ದು ನಮಗೆ ಗೊತ್ತಿದೆ. ಕಂಪನಿ ನಾಟಕವನ್ನು ಒಂದು ಗುರುಕುಲ ಎಂದು ಒಪ್ಪಿಕೊಂಡಿದ್ದೇವೆ. ಆಕಾಶವಾಣಿಗೆ, ಊರಿನ ಕನ್ನಡ ಸಂಘಕ್ಕೆ, ಕಾಲೇಜು ವಾರ್ಷಿಕೋತ್ಸವದ ವೇದಿಕೆಗೆ ಆ ಮಾನ ಕೊಟ್ಟಿಲ್ಲ. ಅಲ್ಲಿ ಬೆಳೆದವರು ನಮಗೆ ಎಲ್ಲಿಂದಲೋ ಉದುರಿದವರಂತೆ ಕಾಣುತ್ತಾರೆ.

ಅಮೆರಿಕದ ಕಂಟ್ರಿ ಸಂಗೀತದಲ್ಲಿ ಕೆ. ಟಿ. ಆಸ್ಲಿನ್ ಎಂಬ ಗಾಯಕಿ ಇದ್ದರು. ತಾವೇ ಬರೆದು ತಾವೇ ಹಾಡುವವರು. 1987ರಲ್ಲಿ ಅವರ ‘ಏಯ್ಟೀಸ್ ಲೇಡೀಸ್’ ಹೆಸರು ಮಾಡಿದಾಗ ವಯಸ್ಸು ನಲವತ್ತೈದು. ಮರುವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ ಪಡೆದ ಮೊದಲ ಗೀತರಚನಕಾರ್ತಿ ಎನಿಸಿದರು. ಅಲ್ಲಿಯೂ ಇದೇ ಕಥೆ ಹೇಳಿದರು: ನಡುವಯಸ್ಸಿನಲ್ಲಿ ದಿಢೀರನೆ ಎದ್ದ ನಕ್ಷತ್ರ. ಅದಕ್ಕೆ ಮುಂಚೆ ಆಕೆ ಬ್ರಾಡ್‌ವೇ ನಾಟಕಗಳ ಮೇಳದಲ್ಲಿ ಹಾಡಿದ್ದರು, ಜಾಹೀರಾತುಗಳಿಗೆ ಹಾಡಿ ಜೀವನ ಸಾಗಿಸಿದ್ದರು. ಅರ್ಧ ನಿಮಿಷದ ಜಾಹೀರಾತಿನಲ್ಲಿ ಒಂದೇ ಒಂದು ಪದವನ್ನು ಕೇಳುಗರ ಮನಸ್ಸಿನಲ್ಲಿ ಕೂರಿಸುವ ಕಸುಬನ್ನು ಅಲ್ಲಿ ಕಲಿತವರು ಮುಂದೆ ಹಾಡು ಬರೆದರೆ ಅದು ನಾಟುತ್ತದೆ. ದೇಶ ಯಾವುದಾದರೂ ಗಾಯಕರನ್ನು ರೂಪಿಸಿದ ಸಣ್ಣ ಕೆಲಸಗಳನ್ನು ಕಥೆಯಿಂದ ಹೊರಗಿಡುವ ಚಾಳಿ ಒಂದೇ.

ಶಿವಮೊಗ್ಗ ಮತ್ತು ಭದ್ರಾವತಿಯ ಮಟ್ಟಿಗೆ ಆ ಸಣ್ಣ ಕೆಲಸಗಳು ಯಾವುವು? ಶಿವಮೊಗ್ಗದ ಕರ್ನಾಟಕ ಸಂಘ 1930ರಿಂದ ಇದೆ. ಕುವೆಂಪು ಬೆಳೆದ, ಶಿವರುದ್ರಪ್ಪ, ಅನಂತಮೂರ್ತಿ, ಲಂಕೇಶ್ ಹುಟ್ಟಿದ ಜಿಲ್ಲೆ ಎಂದು ನಾವು ಹೆಮ್ಮೆಪಡುತ್ತೇವೆ. ಶರೀಫರ ಹಾಡುಗಳನ್ನು ಸಂಗ್ರಹಿಸಿ ಓದುಗರಿಗೂ ಗಾಯಕರಿಗೂ ಒದಗಿಸಿದ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರೂ ಶಿವಮೊಗ್ಗದವರೇ. ಬರೆಯುವವರು ಇಷ್ಟು ದಟ್ಟವಾಗಿದ್ದ ಕಡೆ ಅದನ್ನು ಜನರ ಕಿವಿಗೆ ತಲುಪಿಸುವವರೂ ಬೇಕಿತ್ತು. ಗಣೇಶನ ಹಬ್ಬದ ಪೆಂಡಾಲು, ರಾಜ್ಯೋತ್ಸವ, ಕಾಲೇಜಿನ ಸಾಹಿತ್ಯ ಸಂಘದ ಉದ್ಘಾಟನೆ, ಇವು ಆ ಕೆಲಸ ನಡೆದ ಜಾಗಗಳು. ಚಾಪೆ ಹಾಸಿದ ವೇದಿಕೆ, ಒಂದು ಹಾರ್ಮೋನಿಯಂ, ಒಂದು ತಬಲಾ. ಗಾಯಕರ ಮುಂದೆ ಮೂಲೆ ಸವೆದ ನೋಟ್‌ಬುಕ್ಕು, ಅದರಲ್ಲಿ ಕೈಬರಹದ ಪದ್ಯಗಳು. ಹಾಡುವ ಮೊದಲು ಕವಿಯ ಹೆಸರು ಹೇಳಬೇಕು, ಅದು ಅಲ್ಲಿಯ ಮರ್ಯಾದೆ. ಹಿಂದಿನ ಸಾಲಿನಲ್ಲಿ ಕೂತ ಹುಡುಗರಿಗೆ ಎಷ್ಟೋ ಕವಿಗಳ ಹೆಸರು ಮೊದಲು ತಿಳಿದದ್ದು ಪಠ್ಯಪುಸ್ತಕಕ್ಕಿಂತ ಮುಂಚೆ ಗಾಯಕರ ಬಾಯಿಂದ. ಸಿನಿಮಾ ಹಾಡಿನಲ್ಲಿ ಹೀಗೆ ಬರೆದವರ ಹೆಸರು ಹೇಳುವ ಪದ್ಧತಿ ಇಂದಿಗೂ ಇಲ್ಲ.

ಭದ್ರಾವತಿಯದು ಬೇರೆ ಬಗೆ. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದು, ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರೆಲ್ಲ ಸೇರಿ ಕಟ್ಟಿಕೊಂಡ ಊರು ಅದು. ಅಂಥ ಊರಿಗೆ 1965ರಲ್ಲಿ ಆಕಾಶವಾಣಿ ಕೇಂದ್ರ ಬಂತು. ಮಲೆನಾಡಿನ ತೋಟದ ಮನೆಯಿಂದ ನ್ಯೂಟೌನ್, ಪೇಪರ್ ಟೌನಿನ ಕ್ವಾರ್ಟರ್ಸ್‌ವರೆಗೆ ಒಂದೇ ಭಾವಗೀತೆ ಒಂದೇ ಹೊತ್ತಿಗೆ ಕೇಳಿಸುವಂತಾಯಿತು. ರಾತ್ರಿ ಪಾಳಿ ಮುಗಿಸಿ ಬಂದವರು ಚಹಾ ಕುಡಿಯುತ್ತ ಕೇಳುವ ಹಾಡು ಕುವೆಂಪು ಅವರದ್ದಾಗಿರಬಹುದಿತ್ತು. ಬೆಂಗಳೂರು ತಮ್ಮನ್ನು ಗುರುತಿಸಲಿ ಎಂದು ಕಾಯದೆ ಈ ಸೀಮೆಯ ಕಲಾವಿದರು ತಮ್ಮ ಕೇಳುಗರನ್ನು ಕಂಡುಕೊಳ್ಳಲು ಆ ಕೇಂದ್ರ ದಾರಿ ಮಾಡಿತು. ಕಾರ್ಖಾನೆಯಲ್ಲಿ ದುಡಿಯುತ್ತಲೇ ಬಣ್ಣ ಹಚ್ಚಿ, ಆಮೇಲೆ ಚಿತ್ರರಂಗದಲ್ಲಿ ಮನೆಮಾತಾದ ದೊಡ್ಡಣ್ಣನವರನ್ನೂ ಇಲ್ಲಿ ನೆನೆಯಬೇಕು. ಅವರ ವಿಷಯದಲ್ಲೂ ಕಾರ್ಖಾನೆ ಬಿಟ್ಟ ಮೇಲಿನದ್ದೇ ಕಥೆಯಾಗುತ್ತದೆ, ಕಾರ್ಖಾನೆಯ ಊರಿನ ರಂಗಭೂಮಿ ಪೀಠಿಕೆಯಾಗಿ ಉಳಿಯುತ್ತದೆ.

1978ನೇ ಇಸವಿಯನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂದದ್ದು ಆ ವರ್ಷ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಅದು. ಸುಬ್ಬಣ್ಣನವರನ್ನು ಮುಂದಿನ ಮೂರು ನಾಲ್ಕು ದಶಕ ಮನೆಮನೆಯಲ್ಲಿ ಇಟ್ಟದ್ದು ಯಾವುದು ಎಂದು ಕೇಳಿದರೆ ನಾನು ಆ ಕ್ಯಾಸೆಟ್ ಯುಗವನ್ನು ತೋರಿಸುತ್ತೇನೆ. ಶರೀಫರ ತತ್ವಪದ, ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’, ಶಿವರುದ್ರಪ್ಪನವರ ಗೀತೆಗಳು ಅವರ ಕಂಠದಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲೂ ಮದುವೆ ಮನೆಗಳಲ್ಲೂ ಕೇಳಿಬಂದವು. ಪ್ರಶಸ್ತಿ ಬಂದಿರದಿದ್ದರೂ ಆ ಹಾಡುಗಳು ಇರುತ್ತಿದ್ದವು. ಕ್ಯಾಸೆಟ್ ಬಂದಿರದಿದ್ದರೆ ಆ ಪ್ರಶಸ್ತಿ ಇವತ್ತು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಪ್ರಶ್ನೆಯಾಗಿರುತ್ತಿತ್ತು, ಅಷ್ಟೇ.

ಭಾವಗೀತೆಯ ಬಗ್ಗೆ ಸಾಹಿತ್ಯದ ಕಡೆಯಿಂದ ಬರುವ ಆಕ್ಷೇಪವನ್ನೂ ಬಲ್ಲೆ. ಹಾಡಿದರೆ ಕವಿತೆ ತೆಳುವಾಗುತ್ತದೆ, ವಿಚಾರ ಕರಗಿ ರಾಗ ಉಳಿಯುತ್ತದೆ ಎಂದು ನವ್ಯದ ಕಾಲದಿಂದ ಹೇಳುತ್ತ ಬಂದಿದ್ದಾರೆ. ಕೆಟ್ಟ ಗಾಯನದ ಮಟ್ಟಿಗೆ ಅದು ಸರಿ. ಸುಬ್ಬಣ್ಣನವರ ಗಾಯನದಲ್ಲಿ ಪದ ಎಂದೂ ರಾಗದ ಕೆಳಗೆ ಮುಚ್ಚಿಹೋಗುವುದಿಲ್ಲ. ಅಲ್ಪಪ್ರಾಣ, ಮಹಾಪ್ರಾಣ, ದೀರ್ಘ ಎಲ್ಲ ಇದ್ದಲ್ಲೇ ಇರುತ್ತವೆ. ಉಸಿರು ತೆಗೆದುಕೊಳ್ಳುವುದು ಅರ್ಥ ನಿಲ್ಲುವ ಜಾಗದಲ್ಲಿ. ಕೋರ್ಟಿನಲ್ಲಿ ಮಾತನ್ನು ತೂಗಿ ಆಡಿದ ಅಭ್ಯಾಸವೂ ಅದರಲ್ಲಿ ಸೇರಿರಬಹುದು ಎಂದು ನನ್ನ ಊಹೆ.

ಈ ಸಿದ್ಧ ಕಥೆಯನ್ನು ಇಷ್ಟು ಬಿಗಿಯಾಗಿ ಎದುರಿಸುವುದಕ್ಕೆ ಇವತ್ತಿನ ಕಾರಣವೂ ಇದೆ. ಟಿ.ವಿ.ಯ ಹಾಡಿನ ಸ್ಪರ್ಧೆಗಳು ಬದುಕುತ್ತಿರುವುದೇ ಇದರ ಮೇಲೆ. ಶಿಕಾರಿಪುರದ ಶಿವರುದ್ರಪ್ಪನವರ ಕವಿತೆಯಿಂದ ‘ಎದೆ ತುಂಬಿ ಹಾಡುವೆನು’ ಎಂಬ ಕಾರ್ಯಕ್ರಮಕ್ಕೆ ಹೆಸರು ಸಿಕ್ಕಿತು, ಸಂತೋಷ. ಆದರೆ ಈಗಿನ ಸ್ಪರ್ಧೆಗಳಲ್ಲಿ ಹಾಡುವುದಕ್ಕೆ ಮೊದಲು ಹಾಡುವವರ ಬಡತನ, ವಯಸ್ಸು, ಊರು ತೆರೆಯ ಮೇಲೆ ಬರುತ್ತವೆ. ಆಕಾಶವಾಣಿಯ ಧ್ವನಿ ಪರೀಕ್ಷೆ ಮುಚ್ಚಿಟ್ಟದ್ದನ್ನೆಲ್ಲ ಇಲ್ಲಿ ಮೊದಲು ತೋರಿಸುತ್ತಾರೆ. ಐವತ್ತು ದಾಟಿದವರು ಯಾರಾದರೂ ಹಾಡಿದರೆ ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳುತ್ತಾರೆ. ಅವರು ತಮ್ಮ ಊರಿನಲ್ಲೇ ಇದ್ದರು, ದೇವಸ್ಥಾನದ ಭಜನೆಯಲ್ಲಿ, ಸಂಘದ ವೇದಿಕೆಯಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕಲಿಸುತ್ತ. ಸಣ್ಣ ಊರಿನ ಆ ವೇದಿಕೆಗಳು ಒಂದೊಂದಾಗಿ ಸೊರಗುತ್ತಿರುವಾಗ, ಅಲ್ಲಿಂದ ಬಂದವರನ್ನು ಪವಾಡವೆಂಬಂತೆ ತೋರಿಸುವುದು ಸೊರಗುವಿಕೆಯನ್ನು ಮರೆಸುತ್ತದೆ. ಪ್ರತಿಭೆ ಎಲ್ಲಿದ್ದರೂ ತಾನಾಗಿ ಬೆಳಕಿಗೆ ಬರುತ್ತದೆ ಎಂದಾದರೆ ರೇಡಿಯೋ ಕೇಂದ್ರಕ್ಕೆ ಯಾಕೆ ಹಣ, ಸಂಘಕ್ಕೆ ಯಾಕೆ ಕಟ್ಟಡ?

ಸುಬ್ಬಣ್ಣನವರ ಬಗ್ಗೆ ಆಗಬೇಕಾದ ಬರಹ ಬೇರೆ ಥರದ್ದು. ಪ್ರಶಸ್ತಿಯ ದಿನದಿಂದ ಹಿಂದಕ್ಕೂ ಮುಂದಕ್ಕೂ ಹೋಗಿ, ಅವರು ಯಾವ ಕವಿಯ ಯಾವ ಪದ್ಯವನ್ನು ಹೇಗೆ ಹಾಡಿದರು ಎಂದು ಕೇಳಿ ಬರೆಯಬೇಕು. ಒಂದೇ ಕವಿಯನ್ನು ಕಾಳಿಂಗರಾಯರು, ಅನಂತಸ್ವಾಮಿ, ಅಶ್ವತ್ಥ್, ಸುಬ್ಬಣ್ಣ ಹಾಡಿದ್ದನ್ನು ಒಟ್ಟಿಗೆ ಇಟ್ಟುಕೊಂಡು, ಯಾರು ಯಾವ ಪದಕ್ಕೆ ಒತ್ತು ಕೊಟ್ಟರು, ಯಾರು ಎಲ್ಲಿ ಉಸಿರು ತೆಗೆದುಕೊಂಡರು, ಅದರಿಂದ ಕವಿತೆಯ ಅರ್ಥ ಎತ್ತ ವಾಲಿತು ಎಂದು ನೋಡಬೇಕು. ಕವಿತೆಯ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ವಿಮರ್ಶೆ ಹಾಡುವವರನ್ನೂ ಕವಿತೆಯ ಓದುಗರೆಂದು ಎಣಿಸಿ ಈ ಕೆಲಸಕ್ಕೆ ಕೈಹಾಕಲಿ. ಶಿವಮೊಗ್ಗದ ಕಾಲೇಜುಗಳ ಕನ್ನಡ ವಿಭಾಗಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದನ್ನು ಮೊದಲು ಎತ್ತಿಕೊಳ್ಳಬಹುದು. ಭದ್ರಾವತಿಯ ಆಕಾಶವಾಣಿ ಅಲ್ಲಿಂದ ದೂರವೇನಲ್ಲ.